ದೀಪದ ಕಣ್ಣಿನ ಮರಿ

ಸರ್ಜಾ ಹಾಡಹಗಲಲ್ಲೇ ಕಲ್ಲುಕಂಬಕ್ಕೆ ಡಿಕ್ಕಿ ಹೊಡೆದು ಬಿದ್ದಾಗ ನೀಲಕ್ಕ ಮೊದಲು ಬೈದದ್ದು ಕಂಬ ನೆಟ್ಟವರನ್ನು. ಹುಣಸಮಾರನಹಳ್ಳಿಯಲ್ಲಿ ಅವಳ ಮನೆಯ ಹಿಂದಿದ್ದ ಬಯಲಿಗೆ ಲೇಔಟಿನವರು ಹಿಂದಿನ ದಿನವಷ್ಟೇ ಸಾಲಾಗಿ ಕಂಬ ನೆಟ್ಟು ಹೋಗಿದ್ದರು. ಸರ್ಜಾ ಮೂರು ವರ್ಷದ ಮುಧೋಳ ಬೇಟೆನಾಯಿ, ಬಿಟ್ಟ ಬಾಣದಂತೆ ಓಡುವ ಪ್ರಾಣಿ. ಕಂಬ ಎದುರಿಗೆ ಬಂದರೂ ಓಟ ತಗ್ಗಿಸಲಿಲ್ಲ, ಪಕ್ಕಕ್ಕೆ ಸರಿಯಲಿಲ್ಲ. ಹುಬ್ಬು ಹರಿದು ರಕ್ತ ಸುರಿಯುತ್ತಿದ್ದರೂ ಎದ್ದು ಬಾಲ ಆಡಿಸಿತು. ಆದರೆ ಮುಖ ಮಾಡಿದ್ದು ಅವಳ ಕಡೆಗಲ್ಲ, ಅವಳ ಕೂಗು ಬಡಿದು ವಾಪಸು ಬಂದ ಗೋಡೆಯ ಕಡೆಗೆ. ಅದನ್ನು ಕಂಡು ನೀಲಕ್ಕನ ಬೈಗುಳ ಬಾಯಲ್ಲೇ ಉಳಿಯಿತು.

ಅಂದು ಶುಕ್ರವಾರ. ಸಂಜೆಗೆ ತಣಿಸಂದ್ರದ ಬ್ಯಾಟರಾಯಪ್ಪ ಬೆದೆಗೆ ಬಂದಿದ್ದ ತನ್ನ ಹೆಣ್ಣು ನಾಯಿ ಗೌರಿಯನ್ನು ಸರ್ಜಾನ ಹತ್ತಿರ ಬಿಡಲು ಕರೆತರುವವನಿದ್ದ. ಅಷ್ಟರೊಳಗೆ ಹುಬ್ಬಿಗೆ ಹೊಲಿಗೆ ಹಾಕಿಸಿ ತರೋಣವೆಂದು ಅವಳು ನಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೆಬ್ಬಾಳದ ಕಡೆ ಹೊರಟಳು.

ಈ ವಂಶವನ್ನು ಇತ್ತ ತಂದವನು ಅವಳ ಗಂಡ ಕಾಡಪ್ಪ. ಮೂವತ್ತು ವರ್ಷದ ಹಿಂದೆ ಬಾಗಲೂರಿನ ದ್ರಾಕ್ಷಿ ತೋಟವೊಂದರ ಕಾವಲಿಗೆ ಬರುವಾಗ ಮುಧೋಳ ಸೀಮೆಯಿಂದ ಒಂದು ಗಂಡು ಮರಿ, ಒಂದು ಹೆಣ್ಣು ಮರಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಂದಿದ್ದ. ಒಂದೇ ಸೂಲಿನ ಅಣ್ಣ ತಂಗಿ. ಅವು ಬೆಳೆದು ಮರಿ ಹಾಕಿದಾಗ ಸುತ್ತಲ ತೋಟದವರೆಲ್ಲ ಕೇಳಿದರು. ಕಾಡಪ್ಪ ಮಾರಲಿಲ್ಲ, ತನ್ನೂರಲ್ಲಿ ಕುರಿ ಕೊಡುವ ಹಾಗೆ ಪಾಲಿಗೆ ಕೊಟ್ಟ. ಹೆಣ್ಣು ಮರಿ ಒಯ್ದವರು ಸಾಕಬೇಕು, ಬೆದೆಗೆ ಬಂದಾಗ ಇದೇ ಮನೆಯ ಗಂಡಿನ ಹತ್ತಿರ ತರಬೇಕು, ಮೊದಲ ಸೂಲಿನಲ್ಲಿ ಒಂದು ಮರಿಯನ್ನು ಈ ಮನೆಗೆ ಕೊಡಬೇಕು. ಹೊರಗಿನ ಗಂಡು ಹತ್ತಿದರೆ ಪಾಲು ಮುರಿದಂತೆ. ಅಂಥವರಿಗೆ ಮತ್ತೆ ಈ ಮನೆಯ ಬಾಗಿಲಿಲ್ಲ.

ಪಾಲಿನ ಮರಿಯನ್ನು ಆರಿಸುವವಳು ನೀಲಕ್ಕ. ಅದಕ್ಕೆ ಅವಳದೇ ಒಂದು ರೀತಿ. ಮರಿಗಳಿಗೆ ಮೂರು ತಿಂಗಳು ತುಂಬಬೇಕು. ಮುಸ್ಸಂಜೆಯಾಗಬೇಕು. ಒಲೆಯ ಬೆಳಕೊಂದನ್ನು ಬಿಟ್ಟು ಮನೆಯಲ್ಲಿ ಬೇರೆ ಬೆಳಕಿರಬಾರದು. ಒಂದೊಂದೇ ಮರಿಯನ್ನು ಮುಖದ ಮಟ್ಟಕ್ಕೆ ಎತ್ತಿ ನೋಡುವಳು. ಯಾವುದರ ಕಣ್ಣು ದೊಡ್ಡದಾಗಿ ಅರಳಿ ಒಳಗಿನಿಂದ ಹಸಿರು ಕೆಂಡದಂತೆ ಹೊಳೆಯುವುದೋ, "ಇದಕ್ಕ ದೀಪ ಐತಿ" ಎಂದು ಅದನ್ನು ಮಡಿಲಿಗೆ ಹಾಕಿಕೊಳ್ಳುವಳು. ದೀಪವಿದ್ದ ಉಳಿದವು ಪಾಲಿಗೆ; ದೀಪವಿಲ್ಲದವು ತೋಟ ಕಾಯಲು, ಇಲ್ಲವೆ ಪಾಲಿಲ್ಲದೆ ಕೇಳಿದವರ ಕೈಗೆ. ಕಾಡಪ್ಪ ತೀರಿಕೊಂಡ ಮೇಲೆ ಅವಳ ಮಾತಿಗೆ ಇನ್ನೂ ತೂಕ ಬಂತು. ನೀಲಕ್ಕ ದೀಪ ನೋಡಿದ ಮರಿ ಎಂದರೆ ಹದಿನೆಂಟು ಊರಿನಲ್ಲಿ ಎರಡನೆಯ ಮಾತಿರಲಿಲ್ಲ.

ಹೆಬ್ಬಾಳದ ದನದ ಆಸ್ಪತ್ರೆಯಲ್ಲಿ ಸಂಯುಕ್ತಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಹುಬ್ಬಿಗೆ ಹೊಲಿಗೆ ಹಾಕಿದಳು. ಆಮೇಲೆ ಕಿಟಕಿ ಮುಚ್ಚಿಸಿ, ಸಣ್ಣ ಟಾರ್ಚು ಹಿಡಿದು ಸರ್ಜಾನ ಕಣ್ಣೊಳಗೆ ಬಹಳ ಹೊತ್ತು ನೋಡಿದಳು.

"ಅಜ್ಜಿ, ಇದಕ್ಕೆ ಕಣ್ಣು ಕಾಣಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಕಾಣದಿದ್ರ ಬಯಲಾಗ ಹಂಗ ಓಡತಿತ್ತೇನವ್ವ?"

"ಬಯಲು ಅದಕ್ಕೆ ಬಾಯಿಪಾಠ ಆಗಿತ್ತು. ಕಂಬ ಹೊಸದು."

ನೀಲಕ್ಕನಿಗೆ ನಗು ಬಂತು. "ಅದರ ಕಣ್ಣ ನೋಡವ್ವ, ಹೆಂಗ ಹೊಳೀತಾವ! ಅದು ನಮ್ಮ ಮನಿತನದ ದೀಪ. ಇದನ್ನ ಆರಿಸಿದಾಕಿ ನಾನ. ಇದರ ಅಪ್ಪನ್ನೂ ನಾನ, ಅಜ್ಜನ್ನೂ ನಾನ."

ಸಂಯುಕ್ತಾ ಟಾರ್ಚು ಕೆಳಗಿಟ್ಟಳು. "ಇದರ ತಂದೆ ತಾಯಿ ಎರಡೂ ನಿಮ್ಮ ಮನೆ ನಾಯಿಗಳಾ?"

"ಎಲ್ಲಾ ಒಂದ. ಮೂವತ್ತು ವರ್ಷದಾಗ ಹೊರಗಿಂದು ಒಂದ ಹನಿ ರಕ್ತ ಸೇರಿಸಿಲ್ಲ." ಇಂಥ ಮಾತಿಗೆ ಜನ ತಲೆದೂಗುತ್ತಿದ್ದರು. ಈ ಹುಡುಗಿ ತಲೆ ತಗ್ಗಿಸಿದಳು.

"ಅಜ್ಜಿ, ಆ ಹೊಳಪೇ ರೋಗ."

"ಹಂಗಂದ್ರ?"

"ಕಣ್ಣಿನ ಹಿಂದೆ ಒಂದು ಪರದೆ ಇರುತ್ತೆ. ಬೆಳಕು ಹಿಡಿಯೋದು ಅದೇ. ಇವಕ್ಕೆ ಮರಿಯಾಗಿದ್ದಾಗಿಂದ್ಲೇ ಅದು ತೆಳ್ಳಗಾಗ್ತಾ ಬರುತ್ತೆ. ಒಳಗೆ ಹೋದ ಬೆಳಕು ಅಲ್ಲಿ ನಿಲ್ಲದೆ ವಾಪಸ್ ಬರುತ್ತೆ. ನೋಡೋರಿಗೆ ಹೊಳಪು ಕಾಣುತ್ತೆ, ನಾಯಿಗೇ ಏನೂ ಕಾಣಲ್ಲ."

"ಔಷಧ?"

"ಇಲ್ಲ. ಇದು ಹುಟ್ಟಿನಿಂದ ಬರೋದು. ತಾಯಿ ಕಡೆಯಿಂದಾನೂ ತಂದೆ ಕಡೆಯಿಂದಾನೂ ದೋಷ ಬಂದ್ರೆ ಮಾತ್ರ ಕುರುಡಾಗುತ್ತೆ. ಬೇರೆ ಬೇರೆ ಮನೆಯ ನಾಯಿಗಳು ಕೂಡಿದ್ರೆ ಒಳಗೇ ಅಡಗಿ ಇರ್ತಿತ್ತು. ನೀವು..."

"ಹೇಳವ್ವ. ಕೇಳಸ್ಕೊಳ್ಳೂ ವಯಸ್ಸಾಗೇತಿ ನನಗ."

"ನೀವು ದೋಷ ಇದ್ದಿದ್ದನ್ನೇ ಹುಡುಕಿ ಹುಡುಕಿ ಆರಿಸಿದ್ದೀರ."

ನೀಲಕ್ಕ ಬೆಂಚಿನ ಮೇಲೆ ಕೂತಳು. ಸರ್ಜಾನ ಅಪ್ಪ ನಾಲ್ಕನೆಯ ವರ್ಷದಲ್ಲಿ ಏರ್‌ಪೋರ್ಟ್ ರಸ್ತೆಯಲ್ಲಿ ಲಾರಿಗೆ ಸಿಕ್ಕಿತ್ತು. ಅದರ ಅಕ್ಕ ಕಾರಿಗೆ. ಅದಕ್ಕೂ ಹಿಂದಿನದು ತೋಟದ ಬಾವಿಗೆ ಬಿದ್ದಿತ್ತು. ರಸ್ತೆಗೆ ಎಷ್ಟು ಶಾಪ ಹಾಕಿದ್ದಳು! ಬಾವಿಗೆ ಕಟ್ಟೆ ಕಟ್ಟಿಸದ ತೋಟದ ಒಡೆಯನ ಜೊತೆ ಕಾಡಪ್ಪ ಎರಡು ವರ್ಷ ಮಾತು ಬಿಟ್ಟಿದ್ದ.

"ಇವತ್ತ ಸಂಜಿಗೆ ಒಂದ ಹೆಣ್ಣು ಬರೂದೈತಿ," ಎಂದಳು.

"ಬೇಡ ಅಜ್ಜಿ. ದಯವಿಟ್ಟು ಬಿಡಬೇಡಿ."

"ಅಂದ್ರ ನಮ್ಮ ವಂಶ ಇಲ್ಲಿಗೆ ತೀರಿತೇನು?"

ಸಂಯುಕ್ತಾ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು. "ನೀವು ಬೇಡ ಅಂತ ಬಿಟ್ಟ ಮರಿಗಳಿದ್ವಲ್ಲ, ಕಣ್ಣು ಹೊಳೀದೇ ಇದ್ದಿದ್ದು. ಅದರಲ್ಲಿ ಒಂದು ಹೆಣ್ಣು ಬದುಕಿದ್ರೆ ಹುಡುಕಿ. ಹೊರಗಿನ ರಕ್ತದ ಗಂಡು ತಂದು ಕೂಡಿಸಿದ್ರೆ ಹುಟ್ಟೋ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಈ ದೋಷದ ಸುಳಿವೂ ಇರಲ್ಲ. ಅಲ್ಲಿಂದ ಹೊಸದಾಗಿ ಶುರು ಮಾಡಬಹುದು."

ಬೇಡವೆಂದು ಬಿಟ್ಟವುಗಳ ನೆನಪು ಯಾರಿಗಿರುತ್ತದೆ? ಆಟೋದಲ್ಲಿ ಮನೆ ಮುಟ್ಟುವವರೆಗೂ ತಡಕಾಡಿದ ಮೇಲೆ ನೀಲಕ್ಕನಿಗೆ ಒಂದೇ ಒಂದು ಹೊಳೆಯಿತು. ಬಾಗಲೂರಿನ ಸೊಪ್ಪು ಮಾರುವ ಮುನಿಯಲ್ಲಮ್ಮ. ಐದು ವರ್ಷದ ಹಿಂದೆ ಮಡಿಲು ತುಂಬ ಅವರೆಕಾಯಿ ತಂದು ಸುರಿದು, ದೀಪದ ಮರಿಯೇ ಬೇಕೆಂದು ಅಂಗಲಾಚಿದ್ದಳು. ಅಂಗಳದಲ್ಲಿ ಏಳೆಂಟು ಜನ ಕೂತಿದ್ದರು. ನೀಲಕ್ಕ ಮೂಲೆಯಲ್ಲಿದ್ದ ಮಬ್ಬುಗಣ್ಣಿನ ಮರಿಯನ್ನು ಕತ್ತು ಹಿಡಿದು ಎತ್ತಿ ಕೊಟ್ಟಿದ್ದಳು. "ಒಯ್ಯಿ. ಪಾಲೂ ಬ್ಯಾಡ, ಏನೂ ಬ್ಯಾಡ. ಇದರ ಹೊಟ್ಟ್ಯಾಗ ಹುಟ್ಟಿದ್ದನ್ನ ನಮ್ಮ ವಂಶ ಅಂತ ಎಲ್ಲೂ ಹೇಳಬ್ಯಾಡ. ಇಂಥಾ ಕುಲಗೇಡಿ ಬೆಳೀಬಾರದು." ಎಲ್ಲರೂ ನಕ್ಕಿದ್ದರು. ಮುನಿಯಲ್ಲಮ್ಮ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದಳು.

ಸರ್ಜಾನನ್ನು ಕಟ್ಟಿ, ಉಣ್ಣದೆಯೇ ಬಸ್ಸು ಹಿಡಿದು ನೀಲಕ್ಕ ಬಾಗಲೂರಿಗೆ ಹೋದಳು. ಮುನಿಯಲ್ಲಮ್ಮನ ಮನೆಯಿದ್ದ ಓಣಿಯ ಆ ತುದಿಯಲ್ಲಿ, ಜಗುಲಿಯ ಮೇಲೆ ಮಲಗಿದ್ದ ಕಂದು ನಾಯಿಯೊಂದು ತಲೆ ಎತ್ತಿತು. ಇವಳಿನ್ನೂ ಸದ್ದು ಕೇಳಿಸದಷ್ಟು ದೂರದಲ್ಲಿದ್ದಳು. ಗಾಳಿಯೂ ಅದರ ಕಡೆಯಿಂದಲೇ ಬೀಸುತ್ತಿತ್ತು. ಆದರೂ ಎದ್ದು ನಿಂತು, ಇವಳು ಚರಂಡಿ ದಾಟಿ ಬಲಕ್ಕೆ ಸರಿದರೆ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ ಮುಖ ತಿರುಗಿಸುತ್ತಿತ್ತು. ಅದೇ ಸಣ್ಣ ನಡು, ಅದೇ ಉದ್ದ ಮೂತಿ, ಕಾಡಪ್ಪ ಚೀಲದಲ್ಲಿ ತಂದಿದ್ದ ಆ ಹೆಣ್ಣಿನದೇ ನಿಲುವು. ಹತ್ತಿರ ಹೋಗಿ ನೀಲಕ್ಕ ಸದ್ದಿಲ್ಲದೆ ಒಂದು ಬೆರಳೆತ್ತಿ ಆಡಿಸಿದಳು. ಕಣ್ಣು ಬೆರಳಿನ ಹಿಂದೆಯೇ ಬಂತು.

"ಏನ್ ನೀಲಕ್ಕ, ದಾರಿ ತಪ್ಪಿ ಬಂದ್ಯಾ? ದೀಪ ಇಲ್ದಿರೋ ಮನೆಗೆ?" ಮುನಿಯಲ್ಲಮ್ಮ ಸೊಪ್ಪಿನ ಕಟ್ಟು ಬಿಚ್ಚುತ್ತ ಕೇಳಿದಳು.

"ಮುನೆಲ್ಲಮ್ಮ, ನಾ ಬೇಡಾಕ ಬಂದೀನಿ. ಮುಧೋಳದಿಂದ ಬ್ಯಾರೆ ಮನಿ ಗಂಡು ತರಸ್ತೀನಿ. ಇದನ್ನ ಒಂದ ಸಲ ಕೂಡಸಾಕ ಕೊಡು. ಮರಿ ಎಲ್ಲಾ ನಿನ್ನೂವ. ನನಗ ಒಂದ, ಒಂದ ಪಾಲು ಕೊಟ್ರ ಸಾಕು."

"ನೀನು ನನ್ ತಾವ ಪಾಲು ಕೇಳೋದಾ!" ಮುನಿಯಲ್ಲಮ್ಮ ಬೆರಗಾಗಿ ನೋಡಿದಳು. ಆಮೇಲೆ, "ಅದ್ರ ಕಿವಿ ನೋಡ್ಲಿಲ್ವಾ ನೀನು?" ಎಂದಳು.

ನೀಲಕ್ಕ ನೋಡಿರಲಿಲ್ಲ. ಕಣ್ಣನ್ನಷ್ಟೇ ನೋಡಿದ್ದಳು. ಈಗ ನೋಡಿದರೆ ಎಡಗಿವಿಯ ತುದಿಯಲ್ಲಿ ಕತ್ತರಿಸಿದ ಗುರುತು. ಮತ್ತೆ ಮರಿಯಾಗದಂತೆ ಆಪರೇಷನ್ ಮಾಡಿ ಬಿಟ್ಟ ಬೀದಿನಾಯಿಗಳಿಗೆಲ್ಲ ಇರುವ ಗುರುತು.

"ನೀನೇ ಏಳಿದ್ಯಲ್ಲಕ್ಕ, ಕುಲಗೇಡಿ ಬೆಳೀಬಾರ್ದು ಅಂತ. ಅಷ್ಟ್ ಜನದ್ ಮುಂದೆ. ನಾಯಿ ಇಡಿಯೋ ವ್ಯಾನ್ ಬಂದಾಗ ನಾನೇ ಎತ್ಕೊಂಡೋಗಿ ಕೊಟ್ಟೆ. ಬ್ಯಾಡ ಅಂದ್ರು ನಮ್ ಐಕ್ಳು. ತಿಳ್ದೋರ್ ಮಾತು, ಮೀರ್ಬಾರ್ದು ಅಂದೆ." ಮುನಿಯಲ್ಲಮ್ಮ ನಾಯಿಯ ಬೆನ್ನು ಸವರಿದಳು. "ತಪ್ಪಾಯ್ತಾ ಅಕ್ಕ?"

ಅವಳ ಮುಖದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನೀಲಕ್ಕ ಒಂದು ಮಾತು ಬೈದು ಎದ್ದು ಬರಬಹುದಿತ್ತು. ಮುನಿಯಲ್ಲಮ್ಮ ಕೊಟ್ಟ ಮಜ್ಜಿಗೆ ಕುಡಿದು, ನಾಯಿಯ ಕತ್ತರಿಸಿದ ಕಿವಿಯನ್ನು ಒಮ್ಮೆ ಮುಟ್ಟಿ, ಬಸ್ಸಿಗೆ ಹೊರಟಳು.

ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಬ್ಯಾಟರಾಯಪ್ಪ ಕಾರು ನಿಲ್ಲಿಸಿ, ಗೌರಿಯ ಹಗ್ಗ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದ. ವಾಸನೆ ಹತ್ತಿದ ಸರ್ಜಾ ಒಳಗೆ ಸರಪಳಿ ಜಗ್ಗುತ್ತಿತ್ತು.

"ಎಲ್ಲೋಗಿದ್ರಕ್ಕ? ಮದುವೆ ಗಂಡಿಗಿಂತ ಮುಂಚೆ ಬಂದು ಕೂತಿದ್ದೀವಿ ನಾವು!"

"ಬ್ಯಾಟರಾಯಪ್ಪ, ಕರ್ಕೊಂಡು ಹೋಗು. ಕೂಡಸೂದು ಬ್ಯಾಡ." ಡಾಕ್ಟರು ಹೇಳಿದ್ದನ್ನು ತನಗೆ ತಿಳಿದಷ್ಟು ಹೇಳಿದಳು. ಸರ್ಜಾ ಕುರುಡು ಎಂದಳು. ಗೌರಿಯೂ ಇನ್ನೊಂದು ವರ್ಷಕ್ಕೆ ಹಾಗೇ ಆಗುತ್ತಾಳೆ, ತಾನೇ ಆರಿಸಿದ್ದಲ್ಲವೇ ಎಂದಳು.

ಅವನು ಮೊದಲು ನಕ್ಕ. "ನಮ್ ಗೌರಿ ಹಾರೋ ನೊಣ ಹಿಡಿತಾಳೆ ಅಕ್ಕ." ಆಮೇಲೆ ಮುಖ ಗಂಟಾಯಿತು. "ನೇರವಾಗಿ ಹೇಳಿಬಿಡಿ. ಬೇರೆ ಯಾರಾದ್ರೂ ದೊಡ್ಡೋರು ಕೇಳಿದ್ದಾರಾ? ಇಷ್ಟು ವರ್ಷ ನಿಮ್ಮ ಮಾತು ನಡಸ್ಕೊಂಡ್ ಬಂದೋರಿಗೆ ಇದಾ ಮರ್ಯಾದೆ?"

"ನನ್ನ ಮಾತ ತಪ್ಪಾಗಿತ್ತೋ ಯಪ್ಪಾ!"

"ಇರ್ಲಿ ಬಿಡಿ. ನಿಮಗೇನೋ ಬೇಜಾರಾಗಿದೆ." ಅವನ ದನಿ ಇಳಿಯಿತು. "ಆದ್ರೆ ಹೊರಗಿನ ಗಂಡು ಮಾತ್ರ ಮುಟ್ಸಲ್ಲ, ಆ ನಿಯತ್ತು ನನಗಿದೆ. ಯಲಹಂಕದ ಶಿವರಾಮ್ ಹತ್ರ ಸರ್ಜಾನ ಒಡಹುಟ್ಟಿದ ತಮ್ಮನೇ ಇದ್ದಾನಲ್ಲ, ಈಗ್ಲೇ ಅಲ್ಲಿಗೆ ಹೋಗ್ತೀನಿ. ಮರಿಗೆ ಮೂರು ತಿಂಗಳು ತುಂಬಲಿ, ಕರ್ಕೊಂಡ್ ಬರ್ತೀನಿ. ದೀಪ ನೋಡೋರು ನೀವೇ."

"ಬ್ಯಾಡೋ, ಬ್ಯಾಟರಾಯಪ್ಪ!"

ಅವನು ಗೌರಿಯನ್ನು ಹಿಂದಿನ ಸೀಟಿಗೆ ಹತ್ತಿಸಿ ಕಾರು ತಿರುಗಿಸಿದ. ಕಾರಿನ ಬೆಳಕು ಗೋಡೆಯ ಮೇಲೆ ಹರಿದು, ತೆರೆದ ಬಾಗಿಲಿನೊಳಗೆ ನುಗ್ಗಿ ಸರ್ಜಾನ ಮುಖಕ್ಕೆ ಬಿತ್ತು. ಎರಡು ಕಣ್ಣೂ ಹಸಿರಾಗಿ ಭಗ್ಗೆಂದು ಹೊತ್ತಿಕೊಂಡವು. ಮೂವತ್ತು ವರ್ಷ ಅದನ್ನೇ ಹುಡುಕಿದ ನೀಲಕ್ಕನ ಜೀವ, ಎಲ್ಲ ತಿಳಿದ ಮೇಲೂ, ಎಂಥಾ ದೀಪ ಎಂದು ಒಂದು ಗಳಿಗೆ ಹಿಗ್ಗಿಯೇಬಿಟ್ಟಿತು. ಆಮೇಲೆ ಅವಳು ಒಳಗೆ ಹೋಗಿ ಸರ್ಜಾನ ಎರಡು ಕಣ್ಣನ್ನೂ ಅಂಗೈಯಿಂದ ಮುಚ್ಚಿದಳು.