ದೊಡ್ಡಮನೆಯ ಹೊಸ್ತಿಲು

ಆ ಬಾಗಿಲವಾಡವನ್ನು ಗಾಡಿಯಿಂದ ಇಳಿಸಲು ಆರು ಜನ ಬೇಕಾದರು. ಹೊಸ್ತಿಲೊಂದಕ್ಕೇ ಇಬ್ಬರು. ಬಡಗಿ ಚಿತ್ತಪ್ಪ ಉಳಿಯ ಹಿಡಿಯಿಂದ ಮರವನ್ನು ಕುಟ್ಟಿ, ಕಿವಿಗೊಟ್ಟು ಕೇಳಿ, ನಕ್ಕ.

"ಸಾಹುಕಾರ್ರೇ, ಇದು ನಮ್ಮಜ್ಜನಿಗಿಂತ ಹಿರೇದು. ಈಗ ಇದಕ್ಕೆ ತಕ್ಕಂಗೆ ಇನ್ನೊಂದು ಮನೆ ಕಟ್ಟಿಸ್ಬೇಕು ನೋಡ್ರಿ."

"ಮನೆ ಕಟ್ಟಿಸಿದ್ದೇ ಇದಕ್ಕೆ ಕಣಪ್ಪ," ಎಂದ ತಿಪ್ಪೇರುದ್ರಪ್ಪ.

ಚಿತ್ತಪ್ಪ ಅದನ್ನು ತಮಾಷೆ ಎಂದುಕೊಂಡ. ಅದು ತಮಾಷೆಯಾಗಿರಲಿಲ್ಲ.

ತಿಪ್ಪೇರುದ್ರಪ್ಪನವರದು ಸುಣ್ಣ ಸುಡುವ ಮನೆತನ. ಸುಣ್ಣಕಲ್ಲು ಸಿಕ್ಕಲ್ಲಿ ಗೂಡು, ಗೂಡಿದ್ದಲ್ಲಿ ಗುಡಿಸಲು, ಗುಡಿಸಲಿಗೊಂದು ತಟ್ಟಿಬಾಗಿಲು. ಕಲ್ಲು ಮುಗಿದರೆ ತಟ್ಟಿಯನ್ನು ಸುತ್ತಿಕೊಂಡು ಮುಂದಿನ ಗುಡ್ಡಕ್ಕೆ. ಅಂಥವರಿಗೆ ಹೊಸ್ತಿಲು ಎಲ್ಲಿಂದ ಬರಬೇಕು? ಮೀಸೆ ಚಿಗುರಿದ ವಯಸ್ಸಿನಿಂದ ಅವನು ದೀಪಾವಳಿಗೆ ಮುಂಚೆ ವೇದಾವತಿಯ ದಂಡೆಯ ಊರುಗಳಿಗೆ ಎತ್ತಿನ ಮೇಲೆ ಸುಣ್ಣ ಹೇರಿಕೊಂಡು ಹೋಗುತ್ತಿದ್ದ. ಅಲ್ಲೊಂದು ಊರಿನಲ್ಲಿ ಗೌಡರ ದೊಡ್ಡಮನೆ. ಬಾಗಿಲವಾಡದ ಎರಡು ಕಡೆಯೂ ಗಿಳಿಗಳ ಕೆತ್ತನೆ. ಗೌಡರ ಹೆಂಡತಿ ದ್ಯಾಮಮ್ಮ ಹೊಸ್ತಿಲ ಒಳಗೆ ನಿಂತು, ಹೊರಗೆ ಬಗ್ಗಿ ನಿಂತ ಅವನ ಬೊಗಸೆಗೆ ಮೇಲಿನಿಂದ ಮಜ್ಜಿಗೆ ಹೊಯ್ಯುತ್ತಿದ್ದಳು. ತಣ್ಣಗಿನ, ಇಂಗು ಹಾಕಿದ ಮಜ್ಜಿಗೆ. ಕುಡಿಯುತ್ತ ಅವನು ಅವಳ ಕಾಲಬೆರಳುಗಳನ್ನೂ ಅರಿಸಿನ ಮೆತ್ತಿದ ಹೊಸ್ತಿಲನ್ನೂ ನೋಡುತ್ತಿದ್ದ. ಒಳಗೆ ಏನಿದೆಯೋ, ಕತ್ತಲು ಕತ್ತಲು, ಕಾಣುತ್ತಿರಲಿಲ್ಲ.

ಆಮೇಲೆ ಮಾರಿಕಣಿವೆಯಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆ ಎದ್ದಿತು. ಬೆಟ್ಟದಂಥ ಕಟ್ಟೆಗೆ ಬೆಟ್ಟದಷ್ಟು ಸುಣ್ಣ ಬೇಕು. ತಿಪ್ಪೇರುದ್ರಪ್ಪನ ಒಂದು ಗೂಡು ಹತ್ತಾಯಿತು, ಹತ್ತು ನಲವತ್ತಾಯಿತು. ಕಟ್ಟೆಯ ಕೆಲಸದ ಓವರ್ಸಿಯರ್ ಒಬ್ಬರು ಇಂಗ್ಲಿಷ್ ಪೇಪರು ಓದುವವರು. ಅವರು ಒಮ್ಮೆ ಹೇಳಿದ್ದನ್ನು ಅವನು ಹೆಂಡತಿ ಕೊಟ್ರಮ್ಮನಿಗೆ ಎಷ್ಟು ಸಲ ಹೇಳಿದ್ದನೋ.

"ಅಮೇರಿಕ ಅಂತ ಒಂದು ಸೀಮೆ ಐತಂತೆ ಕಣೆ. ಅಲ್ಲಿ ನೀನು ಯಾರ ಮಗ ಅಂತ ಕೇಳದೇ ಇಲ್ಲಂತೆ. ಏನು ಮಾಡ್ದೆ ಅಂತ ಕೇಳ್ತಾರಂತೆ, ಅಷ್ಟೇ."

"ಹಂಗಾರೆ ಅಲ್ಲಿ ಹೆಣ್ಣು ಕೊಡೋ ತರೋ ಮಾತೆಲ್ಲ ಹೆಂಗೆ?" ಎಂದು ಕೊಟ್ರಮ್ಮ ರೊಟ್ಟಿ ತಟ್ಟುತ್ತಲೇ ಕೇಳುತ್ತಿದ್ದಳು. "ಯಾರೋ ಒಬ್ರು ಕೇಳೇ ಕೇಳ್ತಾರೆ ಬಿಡ್ರಿ."

ಕಟ್ಟೆ ಮುಗಿಯಿತು. ನೀರು ನಿಂತಿತು. ದಂಡೆಯ ಊರುಗಳು ನೀರಿನಡಿ ಹೋದವು, ದೊಡ್ಡಮನೆಯ ಊರೂ ಹೋಯಿತು. ಅಷ್ಟರಲ್ಲಿ ಹಿರೇ ಗೌಡರು ಶಿವನ ಪಾದ ಸೇರಿದ್ದರು. ಮಗ ಪಂಚಾಕ್ಷರಪ್ಪ ತಾಯಿಯನ್ನು ಕರೆದುಕೊಂಡು ಐಮಂಗಲದ ಆಚೆ ಬೀಗರ ಹೊಲದ ಪಕ್ಕ ಮೂರಂಕಣದ ಮನೆ ಹಾಕಿಕೊಂಡ. ದೊಡ್ಡಮನೆಯ ಮರಮುಟ್ಟು ಆ ಮನೆಯಲ್ಲಿ ಹಿಡಿಸುವಂತಿರಲಿಲ್ಲ. ಅದು ಕೈಯಿಂದ ಕೈಗೆ ದಾಟಿ ಹಿರಿಯೂರಿನ ಮರದ ಅಡ್ಡೆ ಸೇರಿತು. ಎರಡು ವರ್ಷದ ಮೇಲೆ ಅಲ್ಲಿ, ಮಳೆಗೆ ನೆನೆದು ಬಿಸಿಲಿಗೆ ಒಣಗಿ ಬಿದ್ದಿದ್ದ ಗಿಳಿಗಳನ್ನು ತಿಪ್ಪೇರುದ್ರಪ್ಪ ಗುರುತು ಹಿಡಿದ. ಕೇಳಿದಷ್ಟು ಕೊಟ್ಟು ಕೊಂಡು, ಅದಕ್ಕೆಂದೇ ಮನೆ ಎಬ್ಬಿಸಿದ.

ಬಾಗಿಲವಾಡ ಕೂರಿಸಿದ ಮರುದಿನವೇ ಪಂಚಾಕ್ಷರಪ್ಪನ ಮನೆಗೆ ಹೋಗಿ ಕೈಮುಗಿದ.

"ಗೌಡ್ರೇ, ಮನೆ ಒಕ್ಕಲು ಮಾಡ್ತಿದೀನಿ. ತಾವು ಅವ್ವಾರನ್ನ ಕರ್ಕಂಡು ಬರ್ಬೇಕು. ಮೊದಲ್ನೇ ವೀಳ್ಯ ತಮ್ಮದು."

ಪಂಚಾಕ್ಷರಪ್ಪ ಎದ್ದು ಚಾಪೆ ಹಾಸಿದ. ಹಿಂದೆ 'ಲೇ ರುದ್ರ' ಎನ್ನುತ್ತಿದ್ದ ಬಾಯಿ. "ಈಗ ನಮಗ್ಯಾತರ ಮೊದಲ್ನೇ ವೀಳ್ಯ, ರುದ್ರಪ್ನೋರೆ?" ಎಂದ. ಆಮೇಲೆ, "ಬರ್ತೀವಿ ಬಿಡ್ರಿ," ಎಂದ.

ಬಾಗಿಲವಾಡದ ಸುದ್ದಿಯನ್ನು ತಿಪ್ಪೇರುದ್ರಪ್ಪ ಎತ್ತಲಿಲ್ಲ. ಅವರು ಬಂದು, ತಮ್ಮದೇ ಹೊಸ್ತಿಲನ್ನು ಕಂಡು, ಕಣ್ಣಲ್ಲಿ ನೀರು ತಂದುಕೊಂಡು, ಅದನ್ನು ದಾಟಿ ಒಳಗೆ ಬರಬೇಕು. ತಾನು ಒಳಗಿನಿಂದ 'ಬರ್ರಿ' ಎನ್ನಬೇಕು. ಅವತ್ತಿಗೆ ತನ್ನ ಮನೆ ಮನೆಯಾಗುತ್ತದೆ. ಅವನು ಬೇಡಿಕೊಂಡದ್ದು ಅಷ್ಟೇ.

ಒಕ್ಕಲಿನ ದಿನ ಬೆಳಿಗ್ಗೆ ಕೊಟ್ರಮ್ಮ ಹೊಸ್ತಿಲು ತೊಳೆದು ಅರಿಸಿನ ಹಚ್ಚಲು ಕೂತಳು. ಬಲಗಡೆಯ ಅಂಚಿನಲ್ಲಿ, ಎಷ್ಟೋ ಹೆಂಗಸರು ಎಷ್ಟೋ ವರ್ಷ ಕೈಯಾಡಿಸಿದ ಕಡೆ, ಮರ ಸವೆದು ತಗ್ಗಾಗಿತ್ತು.

"ನನ್ ಕೈ ಇದ್ರಾಗೆ ಕೂರ್ತಿಲ್ಲ ಕಣ್ರಿ," ಎಂದಳು.

"ಹಚ್ತಾ ಹಚ್ತಾ ಕೂರ್ತೈತೆ, ಹಚ್ಚು," ಎಂದ ಗಂಡ.

ಅಯ್ಯನವರು ಬಂದರು, ಪಾದಪೂಜೆಯಾಯಿತು, ಹಾಲು ಉಕ್ಕಿತು. ಜನ ಪಡಸಾಲೆಯಲ್ಲಿ ತುಂಬಿದರು. ವೀಳ್ಯದ ತಟ್ಟೆ ಮಾತ್ರ ಮುಟ್ಟದೆ ಕೂತಿತ್ತು. ಮೊದಲ ವೀಳ್ಯ ಆಗದೆ ಎರಡನೆಯದು ಎತ್ತುವಂತಿಲ್ಲ, ಎರಡನೆಯದು ಎತ್ತದೆ ಊಟಕ್ಕೆ ಏಳುವಂತಿಲ್ಲ. "ಸಾಹುಕಾರ್ರೇ, ಗೌಡ್ರು ಬರದ್ರೊಳಗೆ ನಿಮ್ಮ ಎಲೆ ಒಣಗಿ ದರಗಾಗ್ತಾವೆ," ಎಂದು ಚಿತ್ತಪ್ಪ ಕೂಗಿದ. ನಗು ಎದ್ದಿತು. ತಿಪ್ಪೇರುದ್ರಪ್ಪ ಹತ್ತನೆಯ ಸಲವೋ ಹನ್ನೆರಡನೆಯ ಸಲವೋ ಹೊಸ್ತಿಲು ದಾಟಿ ಹೊರಗೆ ಹೋಗಿ ದಾರಿ ನೋಡಿ ಒಳಗೆ ಬಂದ.

ಬಿಸಿಲೇರಿದ ಮೇಲೆ ಗಾಡಿ ಬಂತು. ಪಂಚಾಕ್ಷರಪ್ಪ ತಾಯಿಯ ಕೈಹಿಡಿದು ಇಳಿಸಿದ. ದ್ಯಾಮಮ್ಮನ ಬೆನ್ನು ಬಾಗಿತ್ತು. ಅವಳು ಮೆಟ್ಟಿಲು ಹತ್ತಿ ಬಂದು, ತಲೆಯೆತ್ತಿ ಗಿಳಿಗಳನ್ನು ನೋಡಿದಳು. ಕೆಳಗೆ ನೋಡಿದಳು. ಬಗ್ಗಿ, ಬಲಗಡೆಯ ತಗ್ಗಿನಲ್ಲಿ ಕೈಯಿಟ್ಟಳು. ಕೈ ಸರಿಯಾಗಿ ಕೂತಿತು.

"ಬರ್ರಿ ಅವ್ವಾರೆ, ಒಳಗೆ ಬರ್ರಿ," ಎಂದ ತಿಪ್ಪೇರುದ್ರಪ್ಪ ಒಳಗಿನಿಂದ.

ದ್ಯಾಮಮ್ಮ ಕೈ ತೆಗೆದು, ಬೆರಳಿಗಂಟಿದ ಅರಿಸಿನವನ್ನು ತಾಳಿಯಿಲ್ಲದ ಕೊರಳ ಕಡೆ ಒಯ್ಯಹೋಗಿ, ನಿಲ್ಲಿಸಿ, ಸೆರಗಿಗೆ ಒರೆಸಿಕೊಂಡಳು. ತಿರುಗಿ ಜಗಲಿಯ ಮೇಲೆ ಕೂತಳು.

"ಸುಣ್ಣದ ರುದ್ರ ಅಲ್ವೇನೋ ನೀನು?"

"ಹೌದ್ರವ್ವಾ."

"ಒಳಗೆ ಬರಾಕೆ ಆಗಲ್ಲ ಕಣಪ್ಪ. ಊರು ಬಿಡೋ ದಿನ ಇದಕ್ಕೆ ಕಡೇ ಪೂಜೆ ಮಾಡಿ, ನೀರು ಬಿಟ್ಟು, ನಿನ್ನ ಋಣ ತೀರ್ತು ತಾಯಿ ಅಂತ ಹೇಳಿ ದಾಟಿ ಬಂದೀವಿ. ಹಂಗೆ ಹೇಳಿದ್ಮೇಲೆ ತಿರುಗಿ ದಾಟಂಗಿಲ್ಲ. ಮಣ್ಣು ಮಾಡ್ದೋರನ್ನ ಯಾರಾದ್ರೂ ತಿರುಗಿ ಎಬ್ಬಿಸಿ ಮಾತಾಡಿಸ್ತಾರೇನೋ?"

ತಿಪ್ಪೇರುದ್ರಪ್ಪನಿಗೆ ಇದು ಗೊತ್ತಿರಲಿಲ್ಲ. ತಟ್ಟಿಯನ್ನು ಸುತ್ತಿಕೊಂಡು ಹೋಗುವಾಗ ಅವನ ಜನ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.

"ತಪ್ಪಾತ್ರವ್ವಾ. ನಿಮಗೆ ಮರ್ಯಾದೆ ಮಾಡಾನ ಅಂತ ತಂದೆ."

ದ್ಯಾಮಮ್ಮ ಅವನನ್ನೇ ನೋಡಿದಳು. ಸಿಟ್ಟಿರಲಿಲ್ಲ. "ನಮಗೆ ಮರ್ಯಾದೆ ಮಾಡಾಕೋ, ನೀನು ದಾಟಾಕೋ?"

ಅವನು ಹೊಸ್ತಿಲನ್ನು ನೋಡುತ್ತ ನಿಂತ. "ದಾಟಾಕೇ ಕಣ್ರವ್ವಾ," ಎಂದ ಕೊನೆಗೆ.

"ದಾಟಿದ್ಯಾ?"

"ಮುಂಜಾನಿಂದ ಎಷ್ಟು ಸಲ ದಾಟಿದ್ನೋ."

"ಏನಿತ್ತೋ ಒಳಗೆ?"

"ಏನಿಲ್ರವ್ವಾ. ಒಳಗೆ ಹೋದ್ರೆ ನಮ್ಮನೇನೇ ಇತ್ತು."

ದ್ಯಾಮಮ್ಮ ನಕ್ಕಳು. ಹಲ್ಲಿಲ್ಲದ, ದಣಿದ ನಗು. "ನಮಗೂ ಅಷ್ಟೇ ಇತ್ತು ಕಣೋ," ಎಂದಳು. "ಬಿಸಿಲಾಗೆ ಬಂದೀನಿ. ಮಜ್ಜಿಗೆ ಐತೇನೋ?"

ಅವನೇ ಒಳಗೆ ಹೋಗಿ ಚೊಂಬು ತಂದ. ಹೊಸ್ತಿಲ ಒಳಗೆ ನಿಂತು, ಹೊರಗೆ ಜಗಲಿಯಲ್ಲಿ ಕೂತ ಮುದುಕಿಯ ಕಡೆಗೆ ಚೊಂಬು ಬಗ್ಗಿಸಹೋದವನು ತನ್ನ ಕಾಲಬೆರಳುಗಳನ್ನು ಕಂಡು ನಿಂತುಬಿಟ್ಟ. ಅವಳು ಆಗಲೇ ಬೊಗಸೆಯೊಡ್ಡಿದ್ದಳು. ಅವನು ಹೊಸ್ತಿಲಿಳಿದು ಬಂದು, ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಚೊಂಬನ್ನು ಅವಳ ಕೈಗೇ ಕೊಟ್ಟ.

ಕೊಟ್ರಮ್ಮ ಯಾರೂ ಹೇಳದೆ ವೀಳ್ಯದ ತಟ್ಟೆಯನ್ನು ಹಿತ್ತಲ ಬಾಗಿಲಿನಿಂದ ಸುತ್ತಿ ಬಳಸಿ ಜಗಲಿಗೆ ತಂದಳು. ಮೊದಲ ವೀಳ್ಯ ಅಲ್ಲಿಯೇ ಆಯಿತು. ಪಂಚಾಕ್ಷರಪ್ಪ ಎಲೆಯನ್ನು ಕಣ್ಣಿಗೊತ್ತಿಕೊಂಡ. ಒಳಗಿದ್ದವರು ಒಬ್ಬೊಬ್ಬರೇ ಎದ್ದು ಹಿತ್ತಲ ಕಡೆಯಿಂದ ಹೊರಗೆ ಬಂದರು. ಊಟದ ಎಲೆಗಳು ಬೇವಿನ ಮರದ ಕೆಳಗೆ ಬಿದ್ದವು.

"ಇಂಗು ಸಾಲ್ದು," ಎಂದು ಚೊಂಬು ಕೆಳಗಿಟ್ಟಳು ದ್ಯಾಮಮ್ಮ. "ಆದ್ರೂ ತಣ್ಣಗೈತೆ."

ಗಾಡಿ ಹೋದ ಮೇಲೂ ತಿಪ್ಪೇರುದ್ರಪ್ಪ ಮೆಟ್ಟಿಲಿನಿಂದ ಏಳಲಿಲ್ಲ. ಚಿತ್ತಪ್ಪ ಊಟ ಮುಗಿಸಿ, ಎಲೆಯಡಿಕೆ ಜಗಿಯುತ್ತ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಕಿತ್ತಾಕಾಣ ಏನ್ರಿ ಸಾಹುಕಾರ್ರೇ? ಉಳಿ ನನ್ ಗಾಡೀಲೇ ಐತೆ."

"ನಾಳೆ," ಎಂದ ತಿಪ್ಪೇರುದ್ರಪ್ಪ. "ಕೊಟ್ರಿ ನಾಳೆ ಬೆಳಿಗ್ಗೆ ಅದಕ್ಕೊಂದು ಪೂಜೆ ಮಾಡ್ಲಿ. ಏನು ಹೇಳಿ ಕಳಿಸ್ಬೇಕು ಅಂತ ಈಗ ಗೊತ್ತಾತಲ್ಲ."

"ಆ ಜಾಗಕ್ಕೆ?"

"ತಟ್ಟಿ ಕಟ್ಟು. ಹೊಸ ಮರ ಸಿಗೋವರ್ಗೆ."

ಒಳಗಿನಿಂದ ಕೊಟ್ರಮ್ಮ ಊಟಕ್ಕೆ ಕರೆದಳು. ಅವನು ಮೊಣಕಾಲು ಹಿಡಿದುಕೊಂಡು ಎದ್ದ. 'ಶಿವನೇ' ಎಂದ. ಹಿತ್ತಲ ಕಡೆಗೆ ನಡೆದ.