ಹೇಳಬಾರದ ಮದ್ದು

ನನ್ನ ಗಂಡನಿಗೆ ನಿದ್ದೆ ಬರುತ್ತಿಲ್ಲ ಎಂಬ ಸುದ್ದಿ ಸಿರುಗುಪ್ಪದ ನಮ್ಮ ಓಣಿಯಲ್ಲೆಲ್ಲ ಹಬ್ಬಿದ್ದು ನಮ್ಮತ್ತೆಯ ಬಾಯಿಂದ. ಕೊಟ್ರಬಸಮ್ಮನವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹಾಲಿನವನಿಗೆ ಹೇಳಿದರು, ಹಿಟ್ಟಿನ ಗಿರಣಿಯಲ್ಲಿ ಹೇಳಿದರು, ಗುಡಿಯ ಕಟ್ಟೆಯ ಮೇಲೆ ಕೂತು ಹೇಳಿದರು. ಆಮೇಲೆ ಮನೆಗೆ ಬಂದವರೆಲ್ಲ ಪಂಡಿತರೇ. ಒಬ್ಬರು ಅಂಗಾಲಿಗೆ ಬ್ರಾಹ್ಮಿ ಎಣ್ಣೆ ತಿಕ್ಕಿ ಅಂದರು, ಒಬ್ಬರು ದಿಂಬಿನೊಳಗೆ ಲಾವಂಚದ ಬೇರು ತುಂಬಿ ಅಂದರು. ಒಬ್ಬರು ರಾತ್ರಿ ಮೊಸರು ಬಿಡಿಸಿ ಎಂದು ಹೋದರೆ, ಅವರ ಹಿಂದೆಯೇ ಬಂದವರು ಮೊಸರನ್ನೇ ಕೊಡಿ ಅಂದರು. ಎಲ್ಲರಿಗೂ ಚಹಾ ಮಾಡಿಕೊಟ್ಟು ನನ್ನ ಸೊಂಟ ಬಿದ್ದುಹೋಯಿತು.

ಚಹಾದ ಮಾತು ಬಿಡಿ. ನನ್ನ ಜೀವ ತಿನ್ನುತ್ತಿದ್ದ ಸಂಗತಿಯೇ ಬೇರೆ. ನಮ್ಮವರು, ಚನ್ನಬಸವರಾಜ, ಓಡಿಸುವುದು ಶಾಲೆಯ ವ್ಯಾನು. ಬೆಳಿಗ್ಗೆ ದೇಶನೂರಿಗೆ, ಕರೂರಿಗೆ ಹೋಗಿ ಮಕ್ಕಳನ್ನು ತುಂಬಿಕೊಂಡು ಬರಬೇಕು, ಸಂಜೆ ಮತ್ತೆ ಬಿಟ್ಟು ಬರಬೇಕು. ದಾರಿಯಲ್ಲಿ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಗದ್ದೆ. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಹೊರಳಾಡಿದ ಮನುಷ್ಯ ಬೆಳಗಾದರೆ ಊರವರ ಮಕ್ಕಳನ್ನು ಕೂರಿಸಿಕೊಂಡು ಆ ಕಾಲುವೆಯ ಪಕ್ಕ ಹೋಗುತ್ತಾರಲ್ಲ ಎಂದು ನೆನೆದರೆ ನನಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ಒಲೆಯ ಮುಂದೆ ನಿಂತರೆ ಬಾಗಿಲಿಗೆ ಹೋಗಬೇಕು ಅನ್ನಿಸುವುದು, ಬಾಗಿಲಿಗೆ ಹೋದರೆ ಫೋನು ಎಲ್ಲಿಟ್ಟೆ ಎಂಬ ಗಾಬರಿ.

"ಡಾಕ್ಟರ ಹತ್ರ ಹೋಗೂಣು ನಡೀರಿ" ಅಂದೆ. ಒಮ್ಮೆಯಲ್ಲ, ದಿನಾ ಅಂದೆ.

"ಡಾಕ್ಟರು ಗುಳಿಗಿ ಕೊಡ್ತಾರ. ಗುಳಿಗಿ ತಗೊಂಡ್ರ ಗಾಡಿ ಹೊಡೀಬ್ಯಾಡ ಅಂತಾರ. ಆಮ್ಯಾಲೇನು ಮನ್ಯಾಗ ಕೂತು ಬಳಿ ತೊಟ್ಕೊಳ್ಳೇನು? ಗಿಡಮೂಲಿಕಿ ಇದ್ರ ಕೊಡು, ಅದರಿಂದ ಏನೂ ಆಗಂಗಿಲ್ಲ" ಅಂದರು.

ಅದರಿಂದ ಏನೂ ಆಗುವುದಿಲ್ಲ ಎಂದು ನಾನೂ ನಂಬಿದೆ. ಬೇರು, ಬೀಜ, ಎಲೆ ಅಲ್ಲವೆ? ಅಡುಗೆಮನೆಯ ಡಬ್ಬಿಯಲ್ಲಿ ಇರುವ ಸಾಮಾನು ಯಾರಿಗೆ ಏನು ಮಾಡೀತು?

ಬಳ್ಳಾರಿಯಲ್ಲಿ ನಾದಿನಿ ಅಂಜನಾಳ ಮಗುವಿಗೆ ಹೆಸರಿಡುವ ದಿನ ಹೋಗಿ ಬರುವಾಗ ಕುರುಗೋಡಿಗೂ ಹೋದೆವು. ಅಲ್ಲಿ ನಮ್ಮ ತಾಯಿಯ ಅಣ್ಣ ಮರಿಬಸಪ್ಪ ಇದ್ದಾರೆ, ನಾಟಿ ಮದ್ದು ಕೊಡುತ್ತಾರೆ. ನಮ್ಮವರ ಕೈನಾಡಿ ಹಿಡಿದು ಕೂತರು. ಇವರಿಗೆ ಅಷ್ಟು ಹೊತ್ತು ಸುಮ್ಮನಿರಲು ಆಗಲಿಲ್ಲ. ಕಾಲು ಕುಣಿಸಿದರು, ಕಿಸೆಯಲ್ಲಿನ ಬೀಗದ ಕೈ ತಿರುವಿದರು, ಹೊರಗೆ ಗಾಡಿಗೆ ಬಿಸಿಲು ಬಿದ್ದೀತೆಂದು ಎರಡು ಸಲ ಎದ್ದರು. ಮಾವ ನನ್ನನ್ನು ಒಳಗೆ ಕರೆದು ಜಾಯಿಕಾಯಿ ಸೇರಿಸಿದ ಪುಡಿಯ ಪೊಟ್ಟಣ ಕೊಟ್ಟರು.

"ಮಲಗೋ ಮುಂದ ಹಾಲಿನಾಗ ಹಾಕಿ ಕೊಡವ್ವ. ಒಂದು ಮಾತು. ಏನ್ ಕೊಟ್ಟೆ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ಹೇಳಿದ್ರ ಮದ್ದಿನ ಗುಣ ಹೋಗತೈತಿ."

ಈ ನೇಮ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಮಾಲೆಗೆ ಬೇರು ಕಟ್ಟಿಸಿಕೊಂಡವರನ್ನು ಏನು ಕಟ್ಟಿಸಿಕೊಂಡಿರಿ ಎಂದು ಕೇಳಿ ನೋಡಿ, ಆಕಾಶ ನೋಡುತ್ತಾರೆ. ಅಂಥವರನ್ನು ಆಡಿಕೊಂಡು ನಕ್ಕವಳು ನಾನು. ಆದರೂ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಗಂಡನ ನಿದ್ದೆಯನ್ನು ಪಣಕ್ಕಿಟ್ಟು ಯಾರು ಪರೀಕ್ಷೆ ಮಾಡುತ್ತಾರೆ?

ಪುಡಿ ಕೊಡಲು ಶುರುಮಾಡಿದ ಮೇಲೆ ಇವರು ಬೆಳಿಗ್ಗೆ "ಚಲೋ ನಿದ್ದಿ ಆತು" ಅನ್ನತೊಡಗಿದರು. ಸುಳ್ಳು. ಗೋಡೆಗೆ ಮುಖ ಮಾಡಿ ಹಲ್ಲು ಕಚ್ಚಿಕೊಂಡು ಮಲಗಿದವರಿಗೆ ಎಂಥ ನಿದ್ದೆ? ಸೂರ್ಯ ಹುಟ್ಟುವ ಮೊದಲೇ ಎದ್ದು, ಹಿಂದಿನ ಸಂಜೆಯಷ್ಟೇ ತೊಳೆದ ವ್ಯಾನನ್ನು ಮತ್ತೆ ತೊಳೆಯುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಗದ್ದೆಗಳಲ್ಲಿ ಭತ್ತದ ನಾಟಿ ಮುಗಿದ ವಾರ ಒಂದು ಬೆಳಿಗ್ಗೆ ಕರೂರಿನ ಅಯ್ಯಣ್ಣನ ಫೋನು ಬಂತು. ಅವನ ಮಗಳೂ ಇದೇ ವ್ಯಾನಿನಲ್ಲಿ ಶಾಲೆಗೆ ಬರುತ್ತಾಳೆ. "ಅಕ್ಕಾ, ವ್ಯಾನ್ ಗದ್ದಿಗಿಳದೈತಿ. ಗಾಬರಿ ಆಗಬ್ಯಾಡ, ಎಲ್ಲಾರೂ ಅರಾಮ ಅದಾರ" ಅಂದ.

ನಾನು ಯಾರ ಬೈಕ್ ಹತ್ತಿ ಹೇಗೆ ಹೋದೆನೋ ನೆನಪಿಲ್ಲ. ವ್ಯಾನು ಕಾಲುವೆಯ ಕಡೆಗಲ್ಲ, ಗದ್ದೆಯ ಕಡೆಗೆ ಇಳಿದಿತ್ತು. ಹೊಸದಾಗಿ ನಾಟಿ ಮಾಡಿದ ಕೆಸರು ಗಾಲಿಗಳನ್ನು ಹಿಡಿದು ನಿಲ್ಲಿಸಿತ್ತು. ಮಕ್ಕಳು ಬದುವಿನ ಮೇಲೆ ಸಾಲಾಗಿ ಕೂತಿದ್ದರು. ಕೆಲವರು ಅಳುತ್ತಿದ್ದರು, ಕೆಲವರು ಕೆಸರು ಎರಚಾಡುತ್ತಿದ್ದರು. ಅಯ್ಯಣ್ಣನ ಮಗಳ ಗದ್ದ ಒಡೆದು ರಕ್ತ ಬಂದಿತ್ತು. ಇನ್ನೊಂದು ಕಡೆಗೆ ಹೊರಳಿದ್ದರೆ ತುಂಬಿ ಹರಿಯುವ ಕಾಲುವೆ. ಒಂದೊಂದು ಮಗುವನ್ನೂ ಮುಟ್ಟಿ ಎಣಿಸಿದೆ.

"ಎಮ್ಮಿ ಅಡ್ಡ ಬಂತು" ಎಂದು ಇವರು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಎಲ್ಲರೂ ನಂಬಿದರು. ಮಕ್ಕಳನ್ನು ಉಳಿಸಿದ ಪುಣ್ಯಾತ್ಮ ಎಂದು ಒಬ್ಬರು ಇವರಿಗೆ ನೀರು ಕುಡಿಸಿದರು. ಎಮ್ಮೆ ಬಿಟ್ಟವರನ್ನು ಅಯ್ಯಣ್ಣ ಬಾಯಿಗೆ ಬಂದಂತೆ ಬೈದ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಇವರು ನೆಲದ ಮೇಲೆ ಕೂತುಬಿಟ್ಟರು.

"ಎಮ್ಮಿ ಬಂದಿದ್ದಿಲ್ಲ" ಅಂದರು. "ಕಣ್ಣು ಮುಚ್ಚಿದ್ವು. ಯುಗಾದಿ ಮುಂದ ಕಾಲುವಿ ಹತ್ರ ಒಮ್ಮೆ ಹಿಂಗ ಜೋಂಪು ಹತ್ತಿತ್ತು. ಅವತ್ತು ಯಾರಿಗೂ ಗೊತ್ತಾಗಲಿಲ್ಲ. ಅವತ್ತಿನಿಂದ ನಿದ್ದಿ ಅಂದ್ರ ಅಂಜಿಕಿ. ಹಾಸಿಗ್ಯಾಗ ಕಣ್ಣು ಮುಚ್ಚಿದ್ರೂ ಕೈಯಾಗ ಸ್ಟೇರಿಂಗ್ ಐತಿ, ಹಿಂದ ಮಕ್ಕಳು ಅದಾವು ಅನಸ್ತೈತಿ. ಬೆಚ್ಚಿ ಎದ್ದು ಕೂಡ್ತೀನಿ."

ಇಷ್ಟು ದಿನ ಇದನ್ನು ಒಳಗೇ ಇಟ್ಟುಕೊಂಡಿದ್ದರಲ್ಲ ಎಂದು ನನಗೆ ಒಮ್ಮೆಗೇ ಸಿಟ್ಟೂ ಅಳುವೂ ಬಂದವು. ಅಷ್ಟರಲ್ಲಿ ನಮ್ಮತ್ತೆ ದೇವರ ಗೂಡಿನ ಮುಂದೆ ಹಣೆ ಬಡಿದುಕೊಂಡರು.

"ನಾನು ದಿನಾ ಬೆಳಿಗ್ಗಿ ಕಷಾಯದಾಗ ಜಟಾಮಾಂಸಿ ಕುದಿಸಿ ಕೊಡ್ತಿದ್ದೆ. ಔಷಧ ಅಂದ್ರ ಬರೇ ಹೊಟ್ಟ್ಯಾಗ ತಗೋಬೇಕಂತ ಬೆಳಿಗ್ಗಿನ ಕೊಟ್ಟೆ."

"ಅತ್ತಿ, ನಿದ್ದಿ ಬರಿಸೋ ಮದ್ದನ್ನ ಗಾಡಿ ಹೊಡ್ಯಾಕ ಹೋಗೋರಿಗೆ ಕೊಡ್ತಾರೇನ್ರಿ? ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಗುಣ ಹೋಗತೈತಲ್ಲವಾ."

ಬಳ್ಳಾರಿಗೆ ಫೋನ್ ಮಾಡಿದರೆ ಅಂಜನಾ ಅಳುತ್ತಾ ಒಪ್ಪಿಕೊಂಡಳು. ಗಿಡಮೂಲಿಕೆ ಮಾರುವ ಅಂಗಡಿಯಿಂದ ಅಶ್ವಗಂಧ ತಂದು, ಗಸಗಸೆ ಸೇರಿಸಿ ಉಂಡೆ ಕಟ್ಟಿ, ಅಣ್ಣನ ಕೈಯಲ್ಲಿ ಗುಟ್ಟಾಗಿ ಡಬ್ಬಿ ಕೊಟ್ಟಿದ್ದಳಂತೆ. ಆ ಡಬ್ಬಿ ವ್ಯಾನಿನಲ್ಲೇ ಇತ್ತು. ಕರೂರಿಗೆ ಹೋಗುವಾಗ ಹಸಿವಾದರೆ ಇವರು ಅದನ್ನೇ ತಿನ್ನುತ್ತಿದ್ದರು. ಅದರ ಮೇಲೆ ರಾತ್ರಿ ನನ್ನ ಪುಡಿ.

"ಎಲ್ಲಾರೂ ಯಾರಿಗೂ ಹೇಳಬ್ಯಾಡ ಅಂದ್ರಿ" ಅಂದರು ಇವರು. "ನಾನು ಯಾರಿಗೂ ಹೇಳಲಿಲ್ಲ."

ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಒಂದು ಮನೆಯಲ್ಲಿ ಒಂದೇ ತಟ್ಟೆಯಲ್ಲಿ ಉಂಡು, ಒಬ್ಬರಿಗೊಬ್ಬರು ತಿಳಿಯದ ಹಾಗೆ ಒಂದು ಜೀವಕ್ಕೆ ಮದ್ದು ಸುರಿದಿದ್ದೆವು.

ಅತ್ತೆ ಕಣ್ಣೊರೆಸಿಕೊಂಡು ತೀರ್ಮಾನ ಕೊಟ್ಟರು. "ಮದ್ದು ಇವತ್ತಿಗೆ ಬಂದ್. ಎಮ್ಮಿ ಬಂತು ಅಂದದ್ದು ಅಂದಾತು, ಹಂಗ ಇರಲಿ. ಇದನ್ನೂ ಯಾರಿಗೂ ಹೇಳಬ್ಯಾಡ್ರಿ."

ಊರಿಗೆಲ್ಲ ಡಂಗುರ ಸಾರುವ ಬಾಯಿ ಇದೊಂದಕ್ಕೆ ಬೀಗ ಹಾಕಿಕೊಂಡಿತು. ಇವರೂ ತಲೆಯಾಡಿಸಿದರು. ವ್ಯಾನು ರಿಪೇರಿಯಾಗಿ ಬಂತು, ಸೋಮವಾರದಿಂದ ಮತ್ತೆ ಕೆಲಸ. ಮದ್ದು ನಿಂತರೂ ಅಂಜಿಕೆ ನಿಂತಿರಲಿಲ್ಲ. ಇವರ ಕಣ್ಣು ಇನ್ನಷ್ಟು ಒಳಗೆ ಹೋದವು, ಅನ್ನ ಕಲಸಿ ಕಲಸಿ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು.

ಸೋಮವಾರ ನಾನೂ ವ್ಯಾನ್ ಹತ್ತಿದೆ. ಯಾಕೆ ಅಂದರು. ಸುಮ್ಮನೆ ಅಂದೆ. ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ. ಇವರು ಕತ್ತು ಮುಂದೆ ಚಾಚಿ, ಸ್ಟೇರಿಂಗನ್ನು ಉಸಿರು ಕಟ್ಟುವ ಹಾಗೆ ಹಿಡಿದು ಓಡಿಸಿದರು. ದೇಶನೂರಿನ ಮಕ್ಕಳನ್ನು ಆಮೇಲೆ ಹತ್ತಿಸಿಕೊಳ್ಳೋಣ, ಮೊದಲು ಕರೂರಿಗೆ ನಡೀರಿ ಅಂದೆ. ಕರೂರಿನಲ್ಲಿ ಅಯ್ಯಣ್ಣ ಮಗಳನ್ನು ಎತ್ತಿಕೊಂಡು ಬಂದು ಸೀಟಿನ ಮೇಲೆ ಕೂರಿಸಿದ. ಹುಡುಗಿಯ ಗದ್ದಕ್ಕೆ ಬಿಳಿ ಪಟ್ಟಿ ಅಂಟಿಸಿದ್ದರು. "ಹುಷಾರ್ ಅಣ್ಣಾ" ಎಂದು ಇವರ ಭುಜ ತಟ್ಟಿದ. ಅವನಿಗೆ ಇವರ ಮೇಲೆ ಅಷ್ಟು ನಂಬಿಕೆ. ನನಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಕೆಳಗಿಳಿದೆ.

"ಅಯ್ಯಣ್ಣಾ, ಅವತ್ತು ಎಮ್ಮಿ ಬಂದಿದ್ದಿಲ್ಲಪ. ಇವ್ರಿಗೆ ನಿದ್ದಿ ಹತ್ತಿತ್ತು. ಇವ್ರು ತಿಂಗಳಗಟ್ಟಲೆ ಮಲಗಿಲ್ಲ. ಮಕ್ಕಳನ್ನ ಇಳಿಸ್ಕೊಳ್ರಿ."

ಅಲ್ಲಿ ನಿಂತಿದ್ದ ತಾಯಂದಿರೆಲ್ಲ ನನ್ನ ಮುಖ ನೋಡಿದರು. ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡೆ. ಅಯ್ಯಣ್ಣ ಒಳಗೆ ಬಾಗಿ ಮಗಳನ್ನು ಎತ್ತಿಕೊಂಡ. ಉಳಿದವರೂ ತಮ್ಮ ತಮ್ಮ ಮಕ್ಕಳ ಕೈ ಹಿಡಿದು ಇಳಿಸಿಕೊಂಡರು. ಖಾಲಿ ವ್ಯಾನಿನಲ್ಲಿ ಇವರು ಮುಂದೆ ನೋಡುತ್ತಾ ಕೂತೇ ಇದ್ದರು. ಆಮೇಲೆ ಬೀಗದ ಕೈ ತೆಗೆದು ಅಯ್ಯಣ್ಣನ ಅಂಗೈಯಲ್ಲಿ ಇಟ್ಟು, "ಸಾಲಿಗೆ ಮುಟ್ಟಿಸು, ದೇಶನೂರಿನವ್ರಿಗೂ ಫೋನ್ ಮಾಡಿ ಹೇಳಿಬಿಡು" ಎಂದು ಬಸ್ ನಿಲ್ದಾಣದ ಕಡೆ ನಡೆದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ಕೂತರು. ನಾನು ಪಕ್ಕದಲ್ಲಿ ಕೂತರೆ ಸರಿದು ಕೂತರು. ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ ಅಂದುಕೊಂಡೆ. ಮನೆಗೆ ಹೋಗಿ ಅತ್ತೆಯ ಮುಂದೆ ಹೇಗೆ ನಿಲ್ಲಲಿ, ಶಾಲೆಯವರು ಏನಂದಾರು ಎಂದು ಸೆರಗಿನ ತುದಿ ಹಿಂಡುತ್ತಾ ಇದ್ದೆ. ಕರೂರಿನ ಗದ್ದೆಗಳು ಇನ್ನೂ ಮುಗಿದಿರಲಿಲ್ಲ, ಇವರ ತಲೆ ವಾಲಿ ವಾಲಿ ನನ್ನ ಭುಜಕ್ಕೆ ಬಂತು. ಬಾಯಿ ತೆರೆದು, ಜೊಲ್ಲು ಸುರಿಸಿಕೊಂಡು, ಗೊರಕೆ ಹೊಡೆಯುತ್ತಾ ಮಲಗಿದರು.

ಸಿರುಗುಪ್ಪ ಬಂತು. ಜನ ಇಳಿದರು. ಕಂಡಕ್ಟರು ಬಂದು "ಎಬ್ಬಸ್ರಿ ಅಕ್ಕಾ, ನಿಮ್ಮೂರು ಬಂತು" ಅಂದ.

"ಮುಂದ ಎಲ್ಲಿಗೆ ಹೋಗತೈತ್ರಿ ಬಸ್ಸು?"

"ಸಿಂಧನೂರಿಗೆ."

"ಹಂಗಾದ್ರ ಸಿಂಧನೂರು ತನಕ ಇಬ್ಬರಿಗೂ ಟಿಕೆಟ್ ಹರೀರಿ."

ಅವನು ಇವರನ್ನೂ ನನ್ನನ್ನೂ ನೋಡಿ ಟಿಕೆಟ್ ಹರಿದುಕೊಟ್ಟ. ಬಸ್ಸು ತುಂಗಭದ್ರೆಯ ಸೇತುವೆ ಹತ್ತುವಾಗ ಒಮ್ಮೆ ಕುಲುಕಿತು. ಇವರು ಮೈಯೆಲ್ಲ ಬೆಚ್ಚಿ ಎರಡೂ ಕೈ ಮುಂದೆ ಚಾಚಿದರು, ಬೆರಳು ಸ್ಟೇರಿಂಗ್ ಹುಡುಕಿದವು. ನಾನು ಆ ಕೈಗಳನ್ನು ಹಿಡಿದು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

"ಗಾಡಿ ಬ್ಯಾರೇದವ್ರು ಹೊಡ್ಯಾಕ ಹತ್ಯಾರ" ಅಂದೆ. "ನೀವು ಮಲಗ್ರಿ."