ನಾನು ಹೇಳಿಸಿದ ನಿಜಗಳು

ನಾನು ಮೇಲೆ ಹೋಗಿದ್ದೆ, ಇನ್ನೂ ಕೆಳಗೆ ಬಂದಿರಲಿಲ್ಲ. ಅಷ್ಟರಲ್ಲೇ ರಾಚಪ್ಪ ಒಪ್ಪಿಕೊಂಡುಬಿಟ್ಟ.

"ನಾನೇ ಸಾ. ಮೋಟ್ರು ಕದ್ದಿದ್ದು ನಾನೇ."

"ಎಲ್ಲಿಟ್ಟಿದ್ದೀಯ?" ಎಂದರು ಸಬ್‌ಇನ್‌ಸ್ಪೆಕ್ಟರ್ ವಿರೂಪಾಕ್ಷ.

"ಎಲ್ಲಿಟ್ಟಿದ್ದೀನಿ ಅಂತ ಯೋಳ್ಲಿ ಸಾ?"

ಅವನು ನಿಜವಾಗಿಯೂ ಸಲಹೆ ಕೇಳುತ್ತಿದ್ದ. ಸಾಹೇಬರಿಗೆ ಅದು ಉದ್ಧಟತನವಾಗಿ ಕೇಳಿಸಿತು. ನಾನು ಕೆಳಗೆ ಬಂದೆ.

ನಾನೊಂದು ಲಾಠಿ. ಹುಟ್ಟಿದ್ದು ಬಿದಿರು ಮೆಳೆಯಲ್ಲಿ. ನನ್ನ ಜೊತೆ ಬೆಳೆದವರಲ್ಲಿ ಕೆಲವರು ಏಣಿಯಾದರು, ಕೆಲವರು ಬುಟ್ಟಿಯಾದರು, ನೆಟ್ಟಗಿದ್ದ ತಪ್ಪಿಗೆ ನಾನು ಸರ್ಕಾರಕ್ಕೆ ಸೇರಿದೆ. ಎಣ್ಣೆ ಕುಡಿಸಿ, ತುದಿಗೊಂದು ಕಬ್ಬಿಣದ ಬಳೆ ತೊಡಿಸಿದರು. ಮೊದಲು ನನ್ನನ್ನು ಹಿಡಿದ ಪೇದೆ ಠಾಣೆಯ ಜಗಲಿಯಿಂದ ಮೇಕೆ ಓಡಿಸುವುದಕ್ಕೂ ಹುಣಸೆಕಾಯಿ ಉದುರಿಸುವುದಕ್ಕೂ ಬಳಸುತ್ತಿದ್ದ. ಅವನಿಗೆ ವರ್ಗವಾಯಿತು. ಆಮೇಲೆ ಬಂದ ವಿರೂಪಾಕ್ಷರು ನನ್ನನ್ನು ಕರ್ಚೀಫಿನಲ್ಲಿ ಒರೆಸಿ, "ಇದು ಎಂಥವನ ಬಾಯಲ್ಲೂ ನಿಜ ಹೇಳಿಸುತ್ತೆ" ಎಂದರು. ನಾನು ನಂಬಿದೆ. ಹೊಗಳಿದರೆ ಬಿದಿರಾದರೂ ನಂಬುತ್ತದೆ.

ನಾಲೆಯ ದಡದಲ್ಲಿದ್ದ ಮರೀಗೌಡರ ಐದು ಎಚ್‌ಪಿ ಮೋಟಾರು ಕಾಣೆಯಾಗಿತ್ತು. ಊರಿನಲ್ಲಿ ಸುಟ್ಟ ಮೋಟಾರು ಬಿಚ್ಚಿ, ಹೊಸ ತಂತಿ ಸುತ್ತಿ ವೈಂಡಿಂಗ್ ಮಾಡುವವನು ರಾಚಪ್ಪ ಒಬ್ಬನೇ. ಬಿಚ್ಚಲು ಬರುವವನು ಅವನೊಬ್ಬನೇ ಆದ್ದರಿಂದ ಬಿಚ್ಚಿದವನೂ ಅವನೇ ಎಂದು ಸಾಹೇಬರು ತೀರ್ಮಾನಿಸಿದರು.

ನಾಲ್ಕು ದಿನಗಳಲ್ಲಿ ರಾಚಪ್ಪ ಆ ಮೋಟಾರನ್ನು ಐದು ಕಡೆ ಅಡಗಿಸಿದ. ಸೋಮವಾರ ಅದು ಕೆರೆಯ ತೂಬಿನಲ್ಲಿತ್ತು. ಇಬ್ಬರು ಪೇದೆಗಳು ಮುಳುಗಿ ಒಂದು ಒರಳುಕಲ್ಲು ತಂದರು. ಮಂಗಳವಾರ ಬೆಳಿಗ್ಗೆ ಆಲೆಮನೆಯ ಬೂದಿಗುಡ್ಡೆಯಲ್ಲಿ, ಮಧ್ಯಾಹ್ನ ಶಾಲೆಯ ಅಟ್ಟದಲ್ಲಿ. ಬುಧವಾರ ಅದನ್ನು ಪಕ್ಕದೂರಿನ ಒಬ್ಬನಿಗೆ ಮಾರಿದ. ಜೀಪು ಹೋಗಿ ನೋಡಿದರೆ ಆತ ಸತ್ತು ಮೂರು ವರ್ಷವಾಗಿತ್ತು. ಸಂಜೆಯವರೆಗೂ ಸಾಹೇಬರಿಗೆ ಸತ್ತವನ ಮೇಲೂ ಅನುಮಾನವಿತ್ತು. ಗುರುವಾರ ಅದು ಸ್ಮಶಾನಕ್ಕೆ ಹೋಯಿತು. ಜೊತೆಗೆ, ಯಾರೂ ಕಳೆದುಕೊಳ್ಳದ ಇನ್ನೊಂದು ಮೋಟಾರನ್ನೂ ಕದ್ದಿದ್ದಾಗಿ ರಾಚಪ್ಪ ಒಪ್ಪಿಕೊಂಡ. ಪೇದೆಗಳು ಅದಕ್ಕೊಬ್ಬ ದೂರುದಾರನನ್ನು ಹುಡುಕಲು ಹೊರಟರು.

ಮೊದಲ ದಿನ ನನಗೆ ಹೆಮ್ಮೆಯಾಗಿತ್ತು, ಎಷ್ಟು ಸರಾಗವಾಗಿ ಮಾತಾಡಿಸುತ್ತೇನಲ್ಲ ಎಂದು. ನಾಲ್ಕನೆಯ ದಿನ ಒಂದು ವಿಷಯ ಗಮನಿಸಿದೆ. "ಕೆರೆಗೆ ಹಾಕಿದೆಯೇನೋ?" ಎಂದು ಸಾಹೇಬರು ಕೇಳಿದ ಮೇಲೆಯೇ ಅವನು "ಊಂ ಸಾ, ಕೆರೆಗೇ" ಎಂದಿದ್ದ. ಬೂದಿಗುಡ್ಡೆಯೂ ಹಾಗೆಯೇ, ಸ್ಮಶಾನವೂ ಹಾಗೆಯೇ. ನಾನು ಯಾರ ಒಳಗಿನಿಂದಲೂ ಏನನ್ನೂ ತೆಗೆದಿರಲಿಲ್ಲ. ಸಾಹೇಬರ ಊಹೆಯನ್ನು ರಾಚಪ್ಪನ ಅಂಗಾಲಿಗೆ ಮುಟ್ಟಿಸಿ, ಅವನ ಬಾಯಿಂದ ವಾಪಸು ಸಾಹೇಬರ ಕಿವಿಗೆ ತಲುಪಿಸುತ್ತಿದ್ದೆ, ಅಷ್ಟೇ. ನಡುವೆ ಆ ಅಂಗಾಲು ಬೂದುಗುಂಬಳದಷ್ಟು ಊದಿತ್ತು.

ಆ ನಾಲ್ಕು ದಿನಗಳಲ್ಲಿ ನನ್ನ ಸಹಾಯವಿಲ್ಲದೆ ರಾಚಪ್ಪ ಹೇಳಿದ್ದು ಒಂದೇ ಮಾತು. ಅದೂ ನೀರು ಕೊಡಲು ಬಂದ ಹೆಡ್ ಕಾನ್‌ಸ್ಟೆಬಲ್ ಚೆಲುವಯ್ಯನಿಗೆ.

"ಕಳ್ಳ ಅಂತ ಆಗೋದ್ರೆ ನನ್ ಅಂಗ್ಡಿಗೆ ಯಾರಣ್ಣ ಮೋಟ್ರು ತಂದ್ ಬುಡ್ತಾರೆ?"

ವೈಂಡಿಂಗ್ ಅಂಗಡಿ ಎಂದರೆ ಊರವರ ಮೋಟಾರುಗಳು ವಾರಗಟ್ಟಲೆ ನಂಬಿಕೆಯ ಮೇಲೆ ಬಿದ್ದಿರುವ ಜಾಗ. ಚೆಲುವಯ್ಯ ಸೈಕಲ್ ಹತ್ತಿ ಮರೀಗೌಡರ ಮನೆಗೆ ಹೋದ. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಅಲ್ಲಿ ನಡೆದದ್ದನ್ನು ಶುಕ್ರವಾರ ಬೆಳಿಗ್ಗೆ ಅವನೇ ಸಾಹೇಬರೆದುರು ನಿಂತು ಒಪ್ಪಿಸಿದ.

ಮರೀಗೌಡರಿಗೂ ಅವರ ತಮ್ಮ ಚಿಕ್ಕಣ್ಣನಿಗೂ ಎರಡು ವರ್ಷದಿಂದ ಮಾತಿಲ್ಲ. ಮನೆಗೆ ನಡುಗೋಡೆ ಎದ್ದಿದೆ, ಮೋಟಾರು ಮಾತ್ರ ಇಬ್ಬರಿಗೂ ಒಂದೇ. ಚಿಕ್ಕಣ್ಣ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದನಂತೆ.

"ಮೋಟ್ರಾ? ಹುಲ್ಲಿನ್ ಮೆದೆ ಒಳಗದೆ. ನಾಲೆ ಮ್ಯಾಲಿರೋ ಮೋಟ್ರೆಲ್ಲ ನೀರಾವರಿಯೋರು ಕಿತ್ಕೊಂಡೋಯ್ತಾರೆ ಅಂದ್ರು. ಬಿಚ್ಚಿ ಮಡಗ್ದೆ."

"ನಿಮ್ಮಣ್ಣಂಗೆ ಯೋಳ್ಬಾರ್ದಿತ್ತಾ?"

"ಅವನ್ ಕುಟ್ಟೆ ನಾನ್ ಮಾತಾಡಕಿಲ್ವಲ್ಲ."

"ಟೇಸನ್‌ಗಾದ್ರೂ ಯೋಳ್ಬೋದಿತ್ತು."

"ನೀವ್ ಕೇಳ್ನಿಲ್ವಲ್ಲ."

ಇದೆಲ್ಲ ಹಳೆಯ ಮಾತು. ಈಗ ನಾನು ಠಾಣೆಯ ಹಿತ್ತಲಲ್ಲಿ ತೊಂಡೆ ಚಪ್ಪರಕ್ಕೆ ಆಸರೆಯಾಗಿ ನಿಂತಿದ್ದೇನೆ. ಬುಡಕ್ಕೆ ಗೆದ್ದಲು ಹತ್ತಿದೆ. ನಾನು ಯಾರಿಗೂ ಏನನ್ನೂ ಮಾಡುವುದಿಲ್ಲ, ಆದರೂ ತೊಂಡೆ ಕಾಯಿ ಬಿಡುತ್ತದೆ. ಹೀಗೂ ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು. ಆ ಶುಕ್ರವಾರದ ಕೊನೆಯ ಭಾಗವೊಂದನ್ನು ಹೇಳಿಬಿಡುತ್ತೇನೆ.

ಸಾಹೇಬರು "ಮನೆಗೆ ಹೋಗು" ಎಂದರು. ರಾಚಪ್ಪ ಬೆಂಚಿನಿಂದ ಏಳಲಿಲ್ಲ.

"ಇವತ್ತು ಸಂತೆ ಸಾ. ನೀವ್ ಬಂದು, ರಾಚ ಕದ್ದಿಲ್ಲ ಅಂತ ನಾಕ್ ಜನದ್ ಮುಂದೆ ಒಂದ್ ಮಾತ್ ಯೋಳ್ಬುಡಿ. ಎದ್ದೋಯ್ತೀನಿ."

ಸಾಹೇಬರು ಟೀ ತರಿಸಿದರು. ಕುಡಿದ, ಏಳಲಿಲ್ಲ. ಜೀಪಿನಲ್ಲಿ ಮನೆಗೆ ಬಿಡಿಸುತ್ತೇನೆ ಎಂದರು. ಏಳಲಿಲ್ಲ. ಚೆಲುವಯ್ಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ. ಸಾಹೇಬರು ಚೆಲುವಯ್ಯನನ್ನು ಹೊರಗೆ ಕಳಿಸಿದರು. ಸಂತೆಯಲ್ಲಿ ನಿಂತು ಆ ಒಂದು ಮಾತು ಹೇಳುವುದಕ್ಕಿಂತ ಬೇರೆ ಏನಾದರೂ ಆದೀತು ಎಂಬಂತೆ ಬಾಗಿಲು ಮುಚ್ಚಿ ಬಂದು, ನನ್ನನ್ನು ರಾಚಪ್ಪನ ಕೈಗೆ ತುರುಕಿದರು.

"ತಗೋ. ನೀನೂ ನಾಲ್ಕು ಬಿಡು. ಯಾರಿಗೂ ಗೊತ್ತಾಗಲ್ಲ. ಅಲ್ಲಿಗೆ ನಾನೂ ನೀನೂ ಸಮ."

ತಾಮ್ರದ ತಂತಿ ಕೊಯ್ದ ಗೀರುಗಳಿದ್ದ ಅಂಗೈ ಅದು. ನನ್ನನ್ನು ಒಮ್ಮೆ ತೂಗಿ ನೋಡಿದ. ಸಾಹೇಬರು ಕಣ್ಣು ಮುಚ್ಚಿ ಬೆನ್ನು ತಿರುಗಿಸಿದರು. ಸುಳ್ಳೇಕೆ, ಅವರ ಬಾಯಿಂದ ಏನು ಬಂದೀತೆಂದು ನನಗೂ ಕುತೂಹಲವಿತ್ತು.

ರಾಚಪ್ಪ ನನ್ನನ್ನು ಮೇಜಿನ ಮೇಲೆ ಇಟ್ಟ.

"ಬ್ಯಾಡ ಸಾ. ಇದ್ರಲ್ಲಿ ಬುಟ್ರೆ, 'ಮೋಟ್ರು ಕದ್ದಿದ್ದು ನಾನೇ' ಅಂತ ನನ್ನಂಗೇ ನೀವೂ ಒಪ್ಕತೀರ. ನಂಗೆ ನಿಜ ಬೇಕು."